ಹೃದಯದ ಕದಗಳ ದನಿ

ಹಳ್ಳಿಯ ಹಳೆಯ ಮನೆಗಳ ಹೆಬ್ಬಾಗಿಲಿಗೆ ತನ್ನದೇ ಆದ ಒಂದು ದನಿಯುಂಟು. ಆ ಮನೆಯಲ್ಲಿ ಹುಟ್ಟಿ ಬೆಳೆದವರು ಒಳಕೋಣೆಯಲ್ಲಿ ಕುಳಿತಿದ್ದರೂ ಬಾಗಿಲು ತೆರೆಯಿತೆ, ಮುಚ್ಚಿತೆ, ಅರ್ಧಕ್ಕೆ ನಿಂತಿತೆ ಎಂಬುದನ್ನು ದನಿಯಿಂದಲೇ ಅರಿಯಬಲ್ಲರು. ಕೀಲಿಗೆ ತುಕ್ಕು ಹಿಡಿದರೆ ಒಂದು ದನಿ. ಮಳೆಗಾಲದಲ್ಲಿ ಮರ ಉಬ್ಬಿ ಚೌಕಟ್ಟಿಗೆ ಬಿಗಿದರೆ ಮತ್ತೊಂದು ದನಿ. ಕದಗಳ ನಡುವೆ ಸಂದು ಬಿಟ್ಟು ಗಾಳಿ ನುಗ್ಗಿದರೆ ಇನ್ನೊಂದು ದನಿ. ಮನುಷ್ಯನ ಎದೆಯೊಳಗೂ ಇಂಥ ನಾಲ್ಕು ಬಾಗಿಲುಗಳಿವೆ. ಹುಟ್ಟುವುದಕ್ಕೆ ಮುನ್ನವೇ ಅವು ತಮ್ಮ ಕೆಲಸವನ್ನು ಆರಂಭಿಸುತ್ತವೆ; ಕೊನೆಯ ಉಸಿರಿನವರೆಗೂ ತೆರೆಯುತ್ತ ಮುಚ್ಚುತ್ತ ಇರುತ್ತವೆ. ಅವುಗಳಿಗೂ ದನಿಯುಂಟು. ಅವು ಕೆಟ್ಟಾಗ ಆ ದನಿಯೂ ಬದಲಾಗುತ್ತದೆ. ಎದೆಯನ್ನು ಸೀಳದೆ, ಹೊರಗಿನಿಂದಲೇ, ಕಣ್ಣು ಕೈ ಕಿವಿಗಳ ನೆರವಿನಿಂದ ಆ ಬದಲಾವಣೆಯನ್ನು ಗುರುತಿಸಲು ವೈದ್ಯರು ಕಲಿತದ್ದು ಹೇಗೆ ಎಂಬುದು ವಿಜ್ಞಾನದ ಒಂದು ಸೊಗಸಾದ ಕಥೆ.

ಹೃದಯವು ಅವರವರ ಮುಷ್ಟಿಯಷ್ಟು ಗಾತ್ರದ, ಬೆಳೆದವರಲ್ಲಿ ಸುಮಾರು 300 ಗ್ರಾಂ ತೂಗುವ ಸ್ನಾಯುವಿನ ಚೀಲ. ಅದರಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ದೇಹವನ್ನು ಸುತ್ತಿ ಬಂದ ರಕ್ತವು ಬಲ ಹೃತ್ಕರ್ಣವನ್ನು ಸೇರಿ, ಬಲ ಹೃತ್ಕುಕ್ಷಿಗೆ ಇಳಿದು, ಅಲ್ಲಿಂದ ಶ್ವಾಸಕೋಶಗಳಿಗೆ ಹೋಗುತ್ತದೆ. ಅಲ್ಲಿ ಆಮ್ಲಜನಕವನ್ನು ಪಡೆದು ಎಡ ಹೃತ್ಕರ್ಣಕ್ಕೆ ಮರಳುತ್ತದೆ. ಎಡ ಹೃತ್ಕುಕ್ಷಿಗೆ ಇಳಿದು, ಮಹಾಧಮನಿಯ ಮೂಲಕ ದೇಹದ ಮೂಲೆಮೂಲೆಗೂ ಹರಿಯುತ್ತದೆ. ನಿಮಿಷಕ್ಕೆ 72 ಬಾರಿ ಮಿಡಿಯುವ ಹೃದಯವು ಒಂದು ದಿನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಲ ಮಿಡಿಯುತ್ತದೆ. ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರು ರಕ್ತ ಅದರ ಮೂಲಕ ಸಾಗುತ್ತದೆ.

ಈ ಪ್ರವಾಹ ಹಿಂದಕ್ಕೆ ತಿರುಗದಂತೆ ಕಾಯುವ ಬಾಗಿಲುಗಳಿಗೆ ಕವಾಟಗಳೆಂದು ಹೆಸರು. ಕವಾಟವೆಂದರೆ ಕದವೆಂದೇ ಅರ್ಥ. ಬಲ ಭಾಗದ ಮೇಲುಕೋಣೆ ಕೆಳಕೋಣೆಗಳ ನಡುವೆ ಮೂರು ಎಸಳುಗಳ ತ್ರಿದಳ ಕವಾಟವಿದೆ. ಎಡ ಭಾಗದಲ್ಲಿ ಎರಡು ಎಸಳುಗಳ ದ್ವಿದಳ ಕವಾಟವಿದೆ. ಕ್ರೈಸ್ತ ಬಿಷಪ್ಪರು ತಲೆಗೆ ಧರಿಸುವ ಕಿರೀಟದಂಥ ಟೋಪಿಯನ್ನು ಹೋಲುವುದರಿಂದ ಇದನ್ನು ಮಿಟ್ರಲ್ ಕವಾಟವೆಂದೂ ಕರೆಯುತ್ತಾರೆ. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಗಳಿಗೆ ಹೋಗುವ ಧಮನಿಯ ಬಾಯಲ್ಲಿ ಒಂದು, ಎಡ ಹೃತ್ಕುಕ್ಷಿಯಿಂದ ಹೊರಡುವ ಮಹಾಧಮನಿಯ ಬಾಯಲ್ಲಿ ಮತ್ತೊಂದು ಕವಾಟವಿದೆ. ಸೈಕಲ್ ಟ್ಯೂಬಿನ ವಾಲ್ವು ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದಿರುವಂತೆ, ಇವು ರಕ್ತವನ್ನು ಮುಂದಕ್ಕೆ ಬಿಟ್ಟು ಹಿಂದಕ್ಕೆ ಬಿಡುವುದಿಲ್ಲ.

ಬಾಗಿಲು ಎರಡು ಬಗೆಯಲ್ಲಿ ಕೆಡಬಹುದು: ಸರಿಯಾಗಿ ತೆರೆಯದೆ ಇರಬಹುದು, ಇಲ್ಲವೆ ಸರಿಯಾಗಿ ಮುಚ್ಚದೆ ಇರಬಹುದು. ಕವಾಟದ ಎಸಳುಗಳು ದಪ್ಪವಾಗಿ, ಅಂಚುಗಳು ಬೆಸೆದುಕೊಂಡು, ರಕ್ತದ ದಾರಿ ಕಿರಿದಾಗುವುದು ಮೊದಲನೆಯ ದೋಷ. ಇದು ಕವಾಟದ ಇಕ್ಕಟ್ಟು. ಎಸಳುಗಳು ಮುದುಡಿ ಒಂದನ್ನೊಂದು ಮುಟ್ಟದೆ, ಮುಂದೆ ಹೋದ ರಕ್ತ ಹಿಂದಕ್ಕೆ ಜಿನುಗುವುದು ಎರಡನೆಯ ದೋಷ. ಇದು ಕವಾಟದ ಸೋರಿಕೆ. ಒಂದೇ ಕವಾಟದಲ್ಲಿ ಎರಡೂ ದೋಷಗಳು ಕೂಡಿರುವುದೂ ಉಂಟು. ಕೆರೆಯ ತೂಬು ಹೂಳಿನಿಂದ ಕಟ್ಟಿಕೊಂಡರೆ ಗದ್ದೆಗೆ ನೀರು ಸಾಲದು, ಕೆರೆಯ ಏರಿಯ ಮೇಲೆ ಒತ್ತಡ ಹೆಚ್ಚುತ್ತದೆ. ಹಾಗೆಯೇ ಕೆಟ್ಟ ಕವಾಟದ ಮುಂದಿನ ಅಂಗಗಳಿಗೆ ರಕ್ತ ಸಾಲದಾಗುತ್ತದೆ. ಹಿಂದಿನ ಕೋಣೆಯಲ್ಲಿ ರಕ್ತ ತುಂಬಿ ಅದು ಹಿಗ್ಗುತ್ತದೆ.

ಹೊರಗಿನಿಂದ ಎದೆಯ ಒಳಗನ್ನು ಅರಿಯುವ ವಿದ್ಯೆಗೆ ಮೊದಲು ದಾರಿ ತೋರಿದವರಲ್ಲಿ ಆಸ್ಟ್ರಿಯದ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ ಒಬ್ಬನು. ಅವನು ಗ್ರಾಟ್ಸ್ ನಗರದಲ್ಲಿ ವಸತಿಗೃಹ ನಡೆಸುತ್ತಿದ್ದವನ ಮಗ. ಪೀಪಾಯಿಯನ್ನು ಬೆರಳಿನಿಂದ ಬಡಿದು ಅದರಲ್ಲಿ ದ್ರಾಕ್ಷಾರಸ ಎಷ್ಟಿದೆಯೆಂದು ತಿಳಿಯುವ ಪರಿಪಾಠ ಅಲ್ಲಿತ್ತು. ನಮ್ಮ ಸಂತೆಗಳಲ್ಲಿ ಮಡಕೆ ಕೊಳ್ಳುವ ಗೃಹಿಣಿಯೂ ಹೀಗೆಯೇ ಬೆರಳಿನಿಂದ ಬಡಿದು ಬಿರುಕನ್ನು ಕಂಡುಕೊಳ್ಳುತ್ತಾಳಲ್ಲವೆ? ವೈದ್ಯನಾದ ಔಎನ್‌ಬ್ರುಗ್ಗರ್ ರೋಗಿಯ ಎದೆಯನ್ನು ಬೆರಳುಗಳಿಂದ ಬಡಿದು, ಗಾಳಿ ತುಂಬಿದ ಶ್ವಾಸಕೋಶದ ಮೇಲೆ ಟೊಳ್ಳು ದನಿಯೂ, ಹೃದಯದ ಮೇಲೆ ಮಂದ ದನಿಯೂ ಬರುವುದನ್ನು ಗಮನಿಸಿದನು. ಮಂದ ದನಿಯ ಎಲ್ಲೆ ಹರಡಿದ್ದರೆ ಹೃದಯ ಹಿಗ್ಗಿದೆಯೆಂದು ಊಹಿಸಬಹುದಾಗಿತ್ತು. 1761ರಲ್ಲಿ ಅವನು ಈ ವಿಷಯವನ್ನು ಒಂದು ಕಿರುಹೊತ್ತಗೆಯಾಗಿ ಪ್ರಕಟಿಸಿದಾಗ ಅದಕ್ಕೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯನಾಗಿದ್ದ ಕೊರ್ವಿಸಾರ್ ಅದನ್ನು ಫ್ರೆಂಚ್ ಭಾಷೆಗೆ ತಂದ ಮೇಲೆಯೇ ಅದು ಎಲ್ಲೆಡೆ ಹರಡಿತು. ಮರುವರ್ಷ ಔಎನ್‌ಬ್ರುಗ್ಗರ್ ತೀರಿಕೊಂಡನು.

ಕಿವಿಯ ವಿದ್ಯೆಯನ್ನು ಬೆಳಗಿದವನು ಫ್ರಾನ್ಸಿನ ರೆನೆ ಲಾಎನೆಕ್. 1816ರಲ್ಲಿ ಅವನು ಪ್ಯಾರಿಸಿನಲ್ಲಿ ವೈದ್ಯನಾಗಿದ್ದಾಗ ಹೃದ್ರೋಗದ ಲಕ್ಷಣಗಳಿದ್ದ ಒಬ್ಬ ತರುಣಿಯನ್ನು ಪರೀಕ್ಷಿಸಬೇಕಾಯಿತು. ಆಕೆಯದು ಸ್ಥೂಲ ಶರೀರವಾದ್ದರಿಂದ ಕೈಯಿಂದ ಮುಟ್ಟಿದರೂ, ಬೆರಳಿನಿಂದ ಬಡಿದರೂ ಹೆಚ್ಚೇನೂ ತಿಳಿಯಲಿಲ್ಲ. ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುವ ಪದ್ಧತಿ ಹಿಂದಿನಿಂದಲೂ ಇತ್ತು. ಆದರೆ ತರುಣಿಯ ಎದೆಗೆ ಕಿವಿಯಿಡುವುದಕ್ಕೆ ಸಂಕೋಚ ಅಡ್ಡಬಂದಿತು. ಆಗ ಅವನಿಗೆ ಎಲ್ಲರೂ ಬಲ್ಲ ಒಂದು ಸಂಗತಿ ನೆನಪಾಯಿತು. ಉದ್ದನೆಯ ಮರದ ತೊಲೆಯ ಒಂದು ತುದಿಗೆ ಕಿವಿಯಿಟ್ಟರೆ, ಇನ್ನೊಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀಚಿದ ಸದ್ದೂ ಸ್ಪಷ್ಟವಾಗಿ ಕೇಳಿಸುತ್ತದೆ. ಅವನು ಕಾಗದದ ಹಾಳೆಗಳ ಒಂದು ಕಟ್ಟನ್ನು ಬಿಗಿಯಾಗಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಯ ಮೇಲಿರಿಸಿ ಇನ್ನೊಂದಕ್ಕೆ ಕಿವಿಯಿಟ್ಟನು. ನೇರವಾಗಿ ಕಿವಿಯಿಟ್ಟಾಗ ಕೇಳುತ್ತಿದ್ದುದಕ್ಕಿಂತಲೂ ಸ್ಪಷ್ಟವಾಗಿ ಹೃದಯದ ಮಿಡಿತ ಕೇಳಿಸಿತು.

ಲಾಎನೆಕ್ ಅನಂತರ ಮರದ ಟೊಳ್ಳು ಕೊಳವೆಯನ್ನು ತಾನೇ ಕಡೆದು ಸಿದ್ಧಪಡಿಸಿದನು. ಅದಕ್ಕೆ ಸ್ಟೆತೊಸ್ಕೋಪ್ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಎದೆಯನ್ನು ನೋಡುವ ಉಪಕರಣ ಎಂದು ಅದರ ಅರ್ಥ. ಕಿವಿಯಿಂದ ಕೇಳುವ ಉಪಕರಣಕ್ಕೆ ನೋಡುವುದು ಎಂಬ ಹೆಸರು! ರೋಗಿ ಬದುಕಿದ್ದಾಗ ಕೇಳಿದ ದನಿಯನ್ನು ಬರೆದಿಟ್ಟುಕೊಂಡು, ಮರಣಾನಂತರ ಶವಪರೀಕ್ಷೆಯಲ್ಲಿ ಕಂಡ ದೋಷದೊಡನೆ ಅವನು ಹೋಲಿಸಿ ನೋಡಿದನು. ಹೀಗೆ ಕೂಡಿಟ್ಟ ಅರಿವನ್ನು 1819ರಲ್ಲಿ ಗ್ರಂಥರೂಪದಲ್ಲಿ ಹೊರತಂದನು. 1826ರಲ್ಲಿ, 45ನೆಯ ವಯಸ್ಸಿನಲ್ಲಿ, ಅವನು ಕ್ಷಯರೋಗದಿಂದ ಮೃತನಾದನು. ಯಾವ ಎದೆಯ ರೋಗಗಳನ್ನು ಗುರುತಿಸಲು ಅವನು ಲೋಕಕ್ಕೆ ಕಲಿಸಿದನೋ ಅವುಗಳಲ್ಲೊಂದೇ ಅವನನ್ನು ಬಲಿ ತೆಗೆದುಕೊಂಡಿತು.

ದೊಡ್ಡವರೂ ತಪ್ಪುವುದುಂಟು. ಹೃದಯದಿಂದ ‘ಲಬ್’, ‘ಡಬ್’ ಎಂಬ ಎರಡು ದನಿಗಳು ಕೇಳಿಬರುತ್ತವೆ. ಮೊದಲನೆಯದು ಹೃತ್ಕುಕ್ಷಿಗಳ ಸಂಕೋಚನದಿಂದ, ಎರಡನೆಯದು ಹೃತ್ಕರ್ಣಗಳ ಸಂಕೋಚನದಿಂದ ಬರುತ್ತವೆಂದು ಲಾಎನೆಕ್ ಭಾವಿಸಿದ್ದನು. ಈ ದನಿಗಳು ಕವಾಟಗಳು ಮುಚ್ಚಿಕೊಳ್ಳುವುದರಿಂದ ಹುಟ್ಟುತ್ತವೆಂಬ ವಿವರಣೆಯನ್ನು 1832ರಲ್ಲಿ ಫ್ರಾನ್ಸಿನ ರೂಆನೆ ಎಂಬ ವೈದ್ಯನು ಮುಂದಿಟ್ಟನು. ಹೃತ್ಕುಕ್ಷಿಗಳು ಕುಗ್ಗತೊಡಗಿದೊಡನೆ ಮೇಲುಕೋಣೆಗಳ ಕಡೆಯ ದ್ವಿದಳ, ತ್ರಿದಳ ಕವಾಟಗಳು ಮುಚ್ಚಿಕೊಳ್ಳುತ್ತವೆ, ಅದು ‘ಲಬ್’. ರಕ್ತವನ್ನು ಹೊರದೂಡಿ ಹೃತ್ಕುಕ್ಷಿಗಳು ಸಡಿಲವಾಗುವಾಗ ಧಮನಿಗಳ ಬಾಯಲ್ಲಿನ ಕವಾಟಗಳು ಮುಚ್ಚಿಕೊಳ್ಳುತ್ತವೆ, ಅದು ‘ಡಬ್’. ಎರಡರ ನಡುವಿನ ಕಿರಿದಾದ ಅವಧಿ ಹೃದಯದ ದುಡಿಮೆಯ ಕಾಲ. ‘ಡಬ್’ನಿಂದ ಮುಂದಿನ ‘ಲಬ್’ವರೆಗಿನ ದೀರ್ಘ ಅವಧಿ ಅದು ರಕ್ತವನ್ನು ತುಂಬಿಕೊಳ್ಳುವ ಕಾಲ.

ಆರೋಗ್ಯವಂತರಲ್ಲಿ ಈ ಎರಡು ಅವಧಿಗಳೂ ಸಾಮಾನ್ಯವಾಗಿ ನಿಶ್ಶಬ್ದವಾಗಿರುತ್ತವೆ. ಅಗಲವಾದ ಕಾಲುವೆಯಲ್ಲಿ ನೀರು ಸದ್ದಿಲ್ಲದೆ ಹರಿಯುತ್ತದೆ. ಅದೇ ನೀರು ಕಲ್ಲುಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುವಾಗ ಸುಳಿ ಎದ್ದು ಮೊರೆಯುತ್ತದೆ. ಕಿರಿದಾದ ಕವಾಟದಲ್ಲಿ ನುಗ್ಗುವ ರಕ್ತವೂ, ಸಂದಿನಲ್ಲಿ ಹಿಂದಕ್ಕೆ ಚಿಮ್ಮುವ ರಕ್ತವೂ ಹಾಗೆಯೇ ಸದ್ದು ಮಾಡುತ್ತವೆ. ಈ ಸದ್ದಿಗೆ ಮರ್ಮರವೆಂದು ಹೆಸರು. ಒಣಗಿದ ಎಲೆಗಳ, ಬಟ್ಟೆಯ ಸರಬರ ಸದ್ದನ್ನು ಸೂಚಿಸುವ ಸಂಸ್ಕೃತದ ಈ ಪದವೂ, ಇಂಗ್ಲಿಷ್ ವೈದ್ಯರು ಬಳಸುವ ಮರ್ಮರ್ ಎಂಬ ಪದವೂ ಒಂದನ್ನೊಂದು ಹೋಲುವುದು ಸೋಜಿಗವೇ ಸರಿ.

ಆದರೆ ಒಳ್ಳೆಯ ವೈದ್ಯನು ಬಂದ ಕೂಡಲೆ ಸ್ಟೆತೊಸ್ಕೋಪಿಗೆ ಕೈಹಾಕುವುದಿಲ್ಲ. ಮೊದಲು ಕೇಳುತ್ತಾನೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೆ? ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುತ್ತದೆಯೆ? ಕೆಮ್ಮಿದಾಗ ರಕ್ತ ಕಾಣಿಸಿಕೊಂಡಿದೆಯೆ? ಓಡುವಾಗ ಎಚ್ಚರ ತಪ್ಪಿ ಬಿದ್ದದ್ದುಂಟೆ? ಬಾಲ್ಯದಲ್ಲಿ ಜ್ವರ ಬಂದು ಕೀಲುಗಳು ಊದಿಕೊಂಡಿದ್ದವೆ? ಅನಂತರ ನೋಡುತ್ತಾನೆ. ತುಟಿಯ ಬಣ್ಣ, ಕೆನ್ನೆಯ ಬಣ್ಣ, ಕಾಲಿನ ಊತ, ಕತ್ತಿನ ರಕ್ತನಾಳಗಳು ಅವನ ಕಣ್ಣಿಗೆ ಬೀಳುತ್ತವೆ. ರೋಗಿಯನ್ನು ಅರ್ಧ ಒರಗಿಸಿ ಕೂರಿಸಿದಾಗ ಕತ್ತಿನ ಸಿರೆ ಎಲ್ಲಿಯವರೆಗೆ ತುಂಬಿ ತುಳುಕುತ್ತದೆ ಎಂಬುದು ಹೃದಯದ ಬಲಭಾಗದಲ್ಲಿನ ಒತ್ತಡವನ್ನು ತಿಳಿಸುವ ಒಂದು ಅಳತೆಗೋಲು.

ಮೂರನೆಯದು ಸ್ಪರ್ಶ. ನಾಡಿಯನ್ನು ಹಿಡಿದು ನೋಡುವುದು ಭಾರತೀಯರಿಗೆ ಹೊಸತಲ್ಲ. ಶಾರ್ಙ್ಗಧರ ಸಂಹಿತೆಯಲ್ಲಿ ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸ ಮೊದಲಾದವುಗಳ ನಡೆಗೆ ಹೋಲಿಸಲಾಗಿದೆ. ಅಲ್ಲಿ ಅದರಿಂದ ತಿಳಿಯಬಯಸಿದ್ದು ವಾತ, ಪಿತ್ತ, ಕಫಗಳ ಸ್ಥಿತಿಯನ್ನು. ಇಂದಿನ ವೈದ್ಯನು ಅದೇ ನಾಡಿಯಲ್ಲಿ ಕವಾಟಗಳ ಸ್ಥಿತಿಯನ್ನು ಅರಸುತ್ತಾನೆ. ಮಹಾಧಮನಿಯ ಕವಾಟ ಇಕ್ಕಟ್ಟಾಗಿದ್ದರೆ ನಾಡಿ ಮೆಲ್ಲಮೆಲ್ಲನೆ ಏರಿ, ಕ್ಷೀಣವಾಗಿ ಬೆರಳಿಗೆ ತಾಗುತ್ತದೆ. ಅದೇ ಕವಾಟ ಸೋರುತ್ತಿದ್ದರೆ ನಾಡಿ ರಭಸದಿಂದ ಬೆರಳನ್ನು ಬಡಿದು, ಮರುಕ್ಷಣವೇ ಕುಸಿದು ಹೋಗುತ್ತದೆ. ರೋಗಿಯ ತೋಳನ್ನು ಮೇಲಕ್ಕೆತ್ತಿ ಹಿಡಿದರೆ ಇದು ಇನ್ನೂ ಸ್ಪಷ್ಟ. ಡಬ್ಲಿನ್ ನಗರದ ವೈದ್ಯ ಡಾಮಿನಿಕ್ ಕಾರಿಗನ್ 1832ರಲ್ಲಿ ಈ ರೋಗವನ್ನು ವಿಶದವಾಗಿ ವರ್ಣಿಸಿದನು. ಆದ್ದರಿಂದ ಇಂಥ ನಾಡಿಗೆ ಅವನ ಹೆಸರೇ ನಿಂತಿದೆ.

ಈ ಸಂಬಂಧದಲ್ಲಿ ಫ್ರಾನ್ಸಿನ ಕವಿ ಆಲ್‌ಫ್ರೆಡ್ ದ ಮ್ಯುಸೆಯ ಪ್ರಸಂಗವೊಂದುಂಟು. 1842ರಲ್ಲಿ ಒಂದು ಬೆಳಗ್ಗೆ ಉಪಾಹಾರದ ಹೊತ್ತಿನಲ್ಲಿ ಕವಿಯ ತಲೆ ನಾಡಿಯ ಪ್ರತಿ ಬಡಿತಕ್ಕೂ ಸಣ್ಣಗೆ ಅಲುಗುತ್ತಿರುವುದನ್ನು ಅವನ ಅಣ್ಣನೂ ತಾಯಿಯೂ ಗಮನಿಸಿದರು. ಕವಿಯು ಎರಡು ಬೆರಳುಗಳಿಂದ ತನ್ನ ಕತ್ತನ್ನು ಒತ್ತಿ ಹಿಡಿದು ಆ ಅಲುಗಾಟವನ್ನು ನಿಲ್ಲಿಸಿ ತೋರಿಸಿದನಂತೆ. ಸೋರುವ ಮಹಾಧಮನಿಯ ಕವಾಟದಿಂದಾಗಿ ರಕ್ತ ನಾಳಗಳಲ್ಲಿ ರಭಸವಾಗಿ ಏರಿ ಕುಸಿಯುವುದೇ ಈ ಅಲುಗಾಟಕ್ಕೆ ಕಾರಣ. ಕವಿಯು 1857ರಲ್ಲಿ ತೀರಿಕೊಂಡನು. ಇಂದಿಗೂ ವೈದ್ಯಗ್ರಂಥಗಳಲ್ಲಿ ಈ ಲಕ್ಷಣಕ್ಕೆ ಆ ಕವಿಯ ಹೆಸರಿದೆ.

ನಾಡಿಯ ಬಳಿಕ ವೈದ್ಯನ ಅಂಗೈ ಎದೆಯನ್ನು ಮುಟ್ಟುತ್ತದೆ. ಸಾಮಾನ್ಯವಾಗಿ ಹೃದಯದ ತುದಿಯ ಬಡಿತವು ಎಡಗಡೆ ಐದನೆಯ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ, ಕೊರಳೆಲುಬಿನ ನಡುವಿನಿಂದ ಎಳೆದ ನೇರ ಗೆರೆಯ ತುಸು ಒಳಗೆ ಸಿಗುತ್ತದೆ. ಸೋರಿಕೆಯಿಂದ ಹೃದಯ ಹಿಗ್ಗಿದ್ದರೆ ಆ ಬಡಿತ ಕಂಕುಳಿನ ಕಡೆಗೂ ಕೆಳಕ್ಕೂ ಸರಿದಿರುತ್ತದೆ. ಕೆಲವೊಮ್ಮೆ ಮರ್ಮರವು ಎಷ್ಟು ಬಲವಾಗಿರುತ್ತದೆಂದರೆ ಅದು ಅಂಗೈಗೇ ತಿಳಿಯುತ್ತದೆ. ಸಂತುಷ್ಟವಾಗಿ ಗುರುಗುಟ್ಟುವ ಬೆಕ್ಕಿನ ಬೆನ್ನ ಮೇಲೆ ಕೈಯಿಟ್ಟವರಿಗೆ ಆ ನಡುಕದ ಪರಿಚಯವಿರುತ್ತದೆ. ಲಾಎನೆಕ್ ಕೂಡ ಇದನ್ನು ಬೆಕ್ಕಿನ ಗುರುಗುಟ್ಟುವಿಕೆಗೇ ಹೋಲಿಸಿದನು.

ಕೊನೆಯಲ್ಲಿ ಕಿವಿಯ ಸರದಿ. ಇಂದಿನ ಸ್ಟೆತೊಸ್ಕೋಪಿಗೆ ಎರಡು ಮುಖಗಳಿರುವುದು ಸಾಮಾನ್ಯ. ಗಂಟೆಯಾಕಾರದ ಮುಖವನ್ನು ಹಗುರವಾಗಿ ಇರಿಸಿದರೆ ತಗ್ಗು ಸ್ಥಾಯಿಯ ದನಿಗಳೂ, ಪೊರೆ ಬಿಗಿದ ಚಪ್ಪಟೆ ಮುಖವನ್ನು ಒತ್ತಿ ಹಿಡಿದರೆ ಏರು ಸ್ಥಾಯಿಯ ದನಿಗಳೂ ಚೆನ್ನಾಗಿ ಕೇಳುತ್ತವೆ. ವೈದ್ಯನು ಒಂದೊಂದು ಕವಾಟಕ್ಕೂ ಎದೆಯ ಮೇಲೆ ಒಂದೊಂದು ನೆಲೆಯನ್ನು ಗೊತ್ತುಮಾಡಿಕೊಂಡು ಕೇಳುತ್ತಾನೆ. ಮರ್ಮರ ಕೇಳಿದರೆ ತನ್ನನ್ನು ತಾನೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ: ಇದು ಯಾವ ಕಾಲದಲ್ಲಿ ಕೇಳುತ್ತಿದೆ? ಎಲ್ಲಿ ಹೆಚ್ಚು ಗಟ್ಟಿಯಾಗಿದೆ? ಯಾವ ಕಡೆಗೆ ಹರಡುತ್ತಿದೆ? ಕಾಲವನ್ನು ತಿಳಿಯಲು ಅವನು ಕಿವಿಯಿಂದ ಕೇಳುತ್ತಲೇ ಬೆರಳಿನಿಂದ ಕತ್ತಿನ ನಾಡಿಯನ್ನು ಮುಟ್ಟುತ್ತಾನೆ. ನಾಡಿಯ ಬಡಿತದೊಡನೆ ಕೇಳುವ ಮರ್ಮರ ದುಡಿಮೆಯ ಕಾಲದ್ದು. ಬಡಿತ ಇಳಿದ ಮೇಲೆ ಕೇಳುವುದು ತುಂಬಿಕೊಳ್ಳುವ ಕಾಲದ್ದು.

ಈ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರದಿಂದಲೇ ಕೆಟ್ಟ ಕವಾಟ ಯಾವುದೆಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ದುಡಿಮೆಯ ಕಾಲದಲ್ಲಿ ದ್ವಿದಳ ಕವಾಟ ಮುಚ್ಚಿರಬೇಕು. ಆ ಕಾಲವನ್ನೆಲ್ಲ ತುಂಬಿದ, ಹೃದಯದ ತುದಿಯಲ್ಲಿ ಗಟ್ಟಿಯಾಗಿ ಕೇಳಿ ಕಂಕುಳಿನ ಕಡೆಗೆ ಹರಡುವ ಮರ್ಮರವು ಆ ಕವಾಟ ಸೋರುತ್ತಿರುವುದನ್ನು ಸೂಚಿಸುತ್ತದೆ. ಅದೇ ಕಾಲದಲ್ಲಿ ಮಹಾಧಮನಿಯ ಕವಾಟ ತೆರೆದಿರಬೇಕು. ಏರಿ ಇಳಿಯುವ, ಕತ್ತಿನ ಕಡೆಗೆ ಹರಡುವ ಒರಟು ಮರ್ಮರವು ಅದರ ಇಕ್ಕಟ್ಟಿನ ಕುರುಹು. ಇದು ವಯೋವೃದ್ಧರಲ್ಲಿ ಕವಾಟಕ್ಕೆ ಸುಣ್ಣದ ಅಂಶ ಸೇರಿ ಗಡುಸಾಗುವುದರಿಂದಲೂ ಬರುತ್ತದೆ. ಮಹಾಧಮನಿಯ ಕವಾಟ ಸೋರುವಾಗ ‘ಡಬ್’ ಆದೊಡನೆ ನಿಟ್ಟುಸಿರಿನಂಥ ಮೆಲುದನಿ ಕೇಳುತ್ತದೆ. ಅದನ್ನು ಹಿಡಿಯಲು ರೋಗಿಯನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು ತಡೆಹಿಡಿಯುವಂತೆ ಹೇಳಬೇಕು. ತ್ರಿದಳ ಕವಾಟದ ಸೋರಿಕೆಯ ಮರ್ಮರ ಉಸಿರನ್ನು ಒಳಗೆಳೆದುಕೊಂಡಾಗ ಜೋರಾಗುತ್ತದೆ. ಏಕೆಂದರೆ ಆಗ ಹೃದಯದ ಬಲಭಾಗಕ್ಕೆ ಹೆಚ್ಚು ರಕ್ತ ಬರುತ್ತದೆ.

ಇವೆಲ್ಲಕ್ಕಿಂತ ಕಿವಿಗೆ ಸುಲಭವಾಗಿ ಸಿಗದಿರುವುದು ದ್ವಿದಳ ಕವಾಟದ ಇಕ್ಕಟ್ಟಿನ ದನಿ. ಆರೋಗ್ಯವಂತರಲ್ಲಿ ಈ ಕವಾಟ ತೆರೆದಾಗ ಅದರ ಬಾಯಿ 4ರಿಂದ 6 ಚದರ ಸೆಂಟಿಮೀಟರು ಇರುತ್ತದೆ. ಅದು 1.5 ಚದರ ಸೆಂಟಿಮೀಟರು ಅಥವಾ ಅದಕ್ಕಿಂತ ಕಡಮೆಯಾದರೆ ರೋಗ ತೀವ್ರವೆಂದೇ ಎಣಿಕೆ. ಆಗ ಮೊದಲನೆಯ ದನಿ ಗಟ್ಟಿಯಾಗಿ ಕೇಳುತ್ತದೆ. ಎರಡನೆಯ ದನಿಯ ಬಳಿಕ, ಬಿಗಿದ ಎಸಳುಗಳು ಒಮ್ಮೆಲೆ ತೆರೆದುಕೊಳ್ಳುವ ಚಿಟಿಕೆಯಂಥ ಸದ್ದು ಬರುತ್ತದೆ. ಅದರ ಹಿಂದೆಯೇ ದೂರದ ಗುಡುಗಿನಂತೆ ತಗ್ಗು ಸ್ಥಾಯಿಯ ಮರ್ಮರ ಉರುಳುತ್ತದೆ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಸ್ಟೆತೊಸ್ಕೋಪಿನ ಗಂಟೆಯ ಮುಖವನ್ನು ಹೃದಯದ ತುದಿಯ ಮೇಲೆ ಹಗುರವಾಗಿ ಇಟ್ಟು ಕೇಳದಿದ್ದರೆ ಅದು ತಪ್ಪಿಹೋಗುವುದುಂಟು. ಈ ಮರ್ಮರ ಎಷ್ಟು ಗಟ್ಟಿಯಾಗಿದೆ ಎಂಬುದಕ್ಕಿಂತ ಎಷ್ಟು ದೀರ್ಘವಾಗಿದೆ ಎಂಬುದೇ ಮುಖ್ಯ. ಇಕ್ಕಟ್ಟು ಹೆಚ್ಚಿದಷ್ಟೂ ಅದು ದೀರ್ಘವಾಗುತ್ತದೆ. ‘ಡಬ್’ಗೂ ಚಿಟಿಕೆಯ ಸದ್ದಿಗೂ ನಡುವಣ ಅಂತರ ಕಡಮೆಯಾದಷ್ಟೂ ರೋಗ ಬಲಿತಿದೆಯೆಂದು ತಿಳಿಯಬೇಕು.

ಇಷ್ಟು ಸೂಕ್ಷ್ಮವಾದ ದನಿಯ ಬಗೆಗೆ ಶಾಲೆಯ ಮಕ್ಕಳೇಕೆ ತಿಳಿಯಬೇಕು? ಈ ರೋಗದ ಬೀಜ ಬೀಳುವುದು ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿಯೇ ಎಂಬುದು ಇದಕ್ಕೆ ಉತ್ತರ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುಗಳ ಒಂದು ಗುಂಪು ಗಂಟಲನ್ನು ಸೇರಿ ನೋವನ್ನೂ ಜ್ವರವನ್ನೂ ಉಂಟುಮಾಡುತ್ತದೆ. ನೋವು ಕೆಲವೇ ದಿನಗಳಲ್ಲಿ ತಾನಾಗಿಯೇ ಮಾಯವಾಗಬಹುದು. ಆದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ಬಳಿಕ ಮತ್ತೆ ಜ್ವರ ಬಂದು, ಮಂಡಿ, ಹರಡು, ಮೊಳಕೈ ಕೀಲುಗಳು ಒಂದಾದ ಮೇಲೊಂದು ಊದಿಕೊಳ್ಳುತ್ತವೆ. ಇದೇ ರುಮ್ಯಾಟಿಕ್ ಜ್ವರ. ರೋಗಾಣುವಿನ ಮೇಲೆ ಹೋರಾಡಲು ದೇಹ ಸಿದ್ಧಪಡಿಸಿದ ರಕ್ಷಣಾಶಕ್ತಿಯು ತನ್ನದೇ ಹೃದಯವನ್ನು ಶತ್ರುವೆಂದು ಭ್ರಮಿಸಿ ಅದರ ಮೇಲೆ ಬೀಳುತ್ತದೆ. ಕೀಲಿನ ಊತ ಗುರುತೇ ಉಳಿಯದಂತೆ ಇಳಿಯುತ್ತದೆ. ಕವಾಟದ ಮೇಲೆ ಬಿದ್ದ ಪೆಟ್ಟು ಮಾತ್ರ ಉಳಿಯುತ್ತದೆ. ಜ್ವರ ಮರುಕಳಿಸಿದಾಗಲೆಲ್ಲ ಎಸಳುಗಳು ಇನ್ನಷ್ಟು ದಪ್ಪವಾಗಿ ಬೆಸೆದುಕೊಳ್ಳುತ್ತವೆ.

ಹಳ್ಳಿಯೊಂದರ ಹುಡುಗಿಯನ್ನು ಕಲ್ಪಿಸಿಕೊಳ್ಳಬಹುದು. ಹತ್ತನೆಯ ವಯಸ್ಸಿನಲ್ಲಿ ಅವಳ ಮಂಡಿ ಊದಿಕೊಂಡಾಗ, ಬೆಳೆಯುವ ಮಕ್ಕಳಿಗೆ ಕಾಲುನೋವು ಸಹಜವೆಂದು ಮನೆಯವರು ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಹದಿನಾಲ್ಕರಲ್ಲಿ ಅವಳು ಆಟದ ಬಯಲಿನಲ್ಲಿ ಗೆಳತಿಯರಿಗಿಂತ ಬೇಗ ದಣಿಯುತ್ತಾಳೆ; ಸೋಮಾರಿಯೆಂದು ಹೆಸರು ಪಡೆಯುತ್ತಾಳೆ. ಬಾವಿಯಿಂದ ನೀರು ಹೊತ್ತು ತರುವಾಗ ದಾರಿಯಲ್ಲಿ ಎರಡು ಕಡೆ ಕೊಡವನ್ನು ಇಳಿಸುತ್ತಾಳೆ. ಮದುವೆಯಾಗಿ ಗರ್ಭಿಣಿಯಾದಾಗ ದೇಹದ ರಕ್ತದ ಪ್ರಮಾಣ ಹೆಚ್ಚುತ್ತದೆ. ಕಿರಿದಾದ ಕವಾಟಕ್ಕೆ ಆ ಹೊರೆಯನ್ನು ತಾಳಲಾಗುವುದಿಲ್ಲ. ಒಂದು ರಾತ್ರಿ ಉಸಿರು ಕಟ್ಟಿ ಅವಳನ್ನು ಆಸ್ಪತ್ರೆಗೆ ಹೊತ್ತೊಯ್ಯುತ್ತಾರೆ. ನಾಲ್ಕಾರು ವರ್ಷಗಳ ಹಿಂದೆ ಯಾರಾದರೊಬ್ಬರು ಅವಳ ನಾಡಿಯನ್ನು ಹಿಡಿದು, ಎಡಮಗ್ಗುಲಿಗೆ ಮಲಗಿಸಿ, ಒಂದು ನಿಮಿಷ ಕಿವಿಗೊಟ್ಟಿದ್ದರೆ ಆ ರಾತ್ರಿ ಬರುತ್ತಿರಲಿಲ್ಲ.

ಇದು ಕೇವಲ ಕಲ್ಪನೆಯಲ್ಲ. ಪಶ್ಚಿಮದ ದೇಶಗಳಲ್ಲಿ ಕವಾಟ ಬಿಗಿದುಕೊಳ್ಳಲು ಬಾಲ್ಯದ ಜ್ವರದ ಬಳಿಕ ಹತ್ತಾರು ವರ್ಷಗಳು ಹಿಡಿಯುತ್ತಿದ್ದವು. ಆದರೆ ಭಾರತದಲ್ಲಿ ಇನ್ನೂ 20 ವರ್ಷ ತುಂಬದವರಲ್ಲಿಯೇ ದ್ವಿದಳ ಕವಾಟದ ತೀವ್ರವಾದ ಇಕ್ಕಟ್ಟು ಕಂಡುಬರುತ್ತಿರುವುದನ್ನು ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯ ವೈದ್ಯರು 1963ರಲ್ಲಿ ಪ್ರಕಟಿಸಿದರು. ಇಕ್ಕಟ್ಟಾದ ಮನೆಗಳಲ್ಲಿ ಹಲವರು ಒಟ್ಟಿಗೆ ಮಲಗುವಲ್ಲಿ, ವೈದ್ಯರ ನೆರವು ದೂರವಿರುವಲ್ಲಿ ಗಂಟಲಿನ ರೋಗಾಣು ಸುಲಭವಾಗಿ ಹರಡುತ್ತದೆ. ಬಡತನದ ಈ ರೋಗವನ್ನು ತಡೆಯಬೇಕೆಂದು ವಿಶ್ವ ಆರೋಗ್ಯ ಸಭೆಯು 2018ರಲ್ಲಿ ನಿರ್ಣಯವನ್ನು ಅಂಗೀಕರಿಸಿತು.

ಕಿವಿಯ ವಿದ್ಯೆಗೂ ಮಿತಿಗಳುಂಟು. ಮರ್ಮರವಿದ್ದಲ್ಲೆಲ್ಲ ರೋಗವಿದೆಯೆಂದು ಭಯಪಡಬೇಕಾಗಿಲ್ಲ. ಆರೋಗ್ಯವಂತರಾದ ಎಷ್ಟೋ ಮಕ್ಕಳಲ್ಲಿ, ವಿಶೇಷವಾಗಿ ಜ್ವರ ಬಂದಾಗ, ಮೆದುವಾದ ನಿರಪಾಯಕರ ಮರ್ಮರ ಕೇಳುವುದುಂಟು. ಮೌನವೂ ಎಲ್ಲ ಸಲ ಶುಭಸೂಚನೆಯಲ್ಲ. ಮಹಾಧಮನಿಯ ಕವಾಟ ತೀರ ಬಿಗಿದು ಹೃದಯ ಸೋತಾಗ, ಹಿಂದೆ ಗಟ್ಟಿಯಾಗಿದ್ದ ಮರ್ಮರವೂ ಕ್ಷೀಣಿಸುತ್ತದೆ; ನುಗ್ಗುವ ನೀರೇ ಕಡಮೆಯಾದ ಮೇಲೆ ಮೊರೆತ ಎಲ್ಲಿಯದು? 1953ರಲ್ಲಿ ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್‌ಮುತ್ ಹರ್ಟ್ಸ್ ಎಂಬುವರು ಕಿವಿಗೆ ಕೇಳದ ಶಬ್ದತರಂಗಗಳನ್ನು ಎದೆಯೊಳಕ್ಕೆ ಕಳುಹಿಸಿ, ಮರುದನಿಯಿಂದ ಹೃದಯದ ಚಲನೆಯನ್ನು ದಾಖಲಿಸಿದರು. ಅದೇ ಇಂದು ಎಕೊ ಪರೀಕ್ಷೆಯಾಗಿ ಬೆಳೆದಿದೆ. ಕಾಂಬೋಡಿಯ ಮತ್ತು ಮೊಜಾಂಬಿಕ್ ದೇಶಗಳ ಶಾಲಾಮಕ್ಕಳನ್ನು ಎರಡೂ ವಿಧಾನಗಳಿಂದ ಪರೀಕ್ಷಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಸ್ಟೆತೊಸ್ಕೋಪಿಗೆ ಸಿಕ್ಕಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಮಕ್ಕಳಲ್ಲಿ ಕವಾಟದ ದೋಷವನ್ನು ಎಕೊ ಪರೀಕ್ಷೆ ತೋರಿಸಿತು. ಹಾಗೆಂದು ಕೈಯೂ ಕಿವಿಯೂ ವ್ಯರ್ಥವಾಗಲಿಲ್ಲ. ಯಂತ್ರವಿಲ್ಲದ ಊರಿನಲ್ಲಿ ಯಾರನ್ನು ಮೊದಲು ಯಂತ್ರದ ಬಳಿಗೆ ಕಳುಹಿಸಬೇಕೆಂದು ನಿರ್ಧರಿಸುವುದು ಅವೇ.

ರೋಗವನ್ನು ಕಂಡುಹಿಡಿದರೆ ಪರಿಹಾರವೂ ಉಂಟು. ಗಂಟಲುನೋವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳೇ ಆದರೂ ಯಾವುದು ಸ್ಟ್ರೆಪ್ಟೊಕಾಕಸ್‌ನಿಂದ ಬಂದದ್ದೆಂದು ವೈದ್ಯರೇ ಹೇಳಬೇಕು. ಅಂಥದಕ್ಕೆ 9 ದಿನಗಳೊಳಗೆ ಪೆನ್ಸಿಲಿನ್ ಚಿಕಿತ್ಸೆ ಆರಂಭವಾದರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಒಮ್ಮೆ ಆ ಜ್ವರ ಬಂದವರಿಗೆ ಅದು ಮರುಕಳಿಸದಂತೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡುತ್ತಾರೆ. ಕವಾಟಕ್ಕೆ ಹಾನಿಯಾಗಿದ್ದರೆ 40ನೆಯ ವಯಸ್ಸಿನವರೆಗೂ ಅದು ಬೇಕಾಗಬಹುದು. ನೋವಿಲ್ಲವೆಂದು ನಡುವೆ ಬಿಟ್ಟವರೇ ಅಪಾಯಕ್ಕೆ ಸಿಲುಕುತ್ತಾರೆ. ಬಿಗಿದ ದ್ವಿದಳ ಕವಾಟವನ್ನು 1925ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಹೆನ್ರಿ ಸೌಟರ್ ತನ್ನ ಬೆರಳಿನಿಂದಲೇ ಬಿಡಿಸಿದ್ದನು. 1982ರಲ್ಲಿ ಜಪಾನಿನ ಕಾಂಜಿ ಇನೊಯೆ ತೊಡೆಯ ಸಿರೆಯ ಮೂಲಕ ಪುಟ್ಟ ಬಲೂನನ್ನು ಹೃದಯಕ್ಕೆ ಸಾಗಿಸಿ, ಅದನ್ನು ಉಬ್ಬಿಸಿ, ಬೆಸೆದ ಎಸಳುಗಳನ್ನು ಬಿಡಿಸುವ ಉಪಾಯವನ್ನು ಬಳಕೆಗೆ ತಂದನು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಆಸ್ಪತ್ರೆಗಳಲ್ಲಿ ಇಂದು ಈ ಚಿಕಿತ್ಸೆ ದೊರೆಯುತ್ತದೆ. ತೀರ ಕೆಟ್ಟ ಕವಾಟದ ಬದಲಿಗೆ ಕೃತಕ ಕವಾಟವನ್ನು ಜೋಡಿಸಬಹುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡ ಭಾರತೀಯ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು.

ಕಾಗದದ ಸುರುಳಿಯಿಂದ ಎಕೊ ಯಂತ್ರದವರೆಗೆ ಮನುಷ್ಯನು ಬಹುದೂರ ಬಂದಿದ್ದಾನೆ. ಆದರೂ ಎಲ್ಲವೂ ಆರಂಭವಾಗುವುದು ಒಬ್ಬರು ಮತ್ತೊಬ್ಬರ ಕಷ್ಟಕ್ಕೆ ಕಿವಿಗೊಡುವುದರಿಂದ. ಆಟದಲ್ಲಿ ಹಿಂದೆ ಬೀಳುವ ಗೆಳತಿಯನ್ನು ಸೋಮಾರಿಯೆಂದು ಹಳಿಯದೆ ಏದುಸಿರಿಗೆ ಕಾರಣವೇನೆಂದು ಕೇಳುವವರು, ಜ್ವರದೊಡನೆ ಊದಿಕೊಂಡ ತಮ್ಮನ ಮಂಡಿಯನ್ನು ವೈದ್ಯರಿಗೆ ತೋರಿಸೋಣವೆಂದು ಮನೆಯವರನ್ನು ಒತ್ತಾಯಿಸುವವರು, ಸ್ಟೆತೊಸ್ಕೋಪನ್ನು ಕೈಯಲ್ಲಿ ಹಿಡಿಯದಿದ್ದರೂ ಲಾಎನೆಕ್ ಆರಂಭಿಸಿದ ಕೆಲಸವನ್ನೇ ಮುಂದುವರಿಸುತ್ತಾರೆ. ಎದೆಯ ಕದಗಳು ತಮ್ಮ ನೋವನ್ನು ಮೆಲುದನಿಯಲ್ಲಿ ಹೇಳುತ್ತಲೇ ಇರುತ್ತವೆ. ಆ ಮೆಲುದನಿ ಕಾಲ ಮೀರುವ ಮೊದಲೇ ಯಾರದಾದರೂ ಕಿವಿಗೆ ಬಿದ್ದರೆ ಒಂದು ಬಾಳು ಉಳಿಯುತ್ತದೆ.